ಕೂಡು ಟೀಮು

ಟ್ರಂಕಿನ್ಯಾಗ ಹನ್ನೆರಡು ಜರ್ಸಿ ಅದಾವ.
ಬನಹಟ್ಟಿ ಮಗ್ಗದ ಬಟ್ಟಿ, ತೇರದಾಳದ ಹೊಲಿಗಿ,
ಎದಿ ಮ್ಯಾಲ ಯಾವ ಊರಿನ ಹೆಸರೂ ಇಲ್ಲ.

ನಾಕ ವರ್ಷಕ್ಕೊಮ್ಮೆ ನಾಕೂರು ಕೂಡಿ
ಟೆಂಪೊ ಹತ್ತತಿದ್ದಿವಿ: ಮಿರಜ, ಇಚಲಕರಂಜಿ, ಸೊಲ್ಲಾಪುರ.
ಹಿಂದಿನ ಆಯಿತವಾರ ನನ್ನ ಮಣಿಕಟ್ಟು ತಿರುವಿದಾಂವ
ಮಹಾಲಿಂಗಪುರದ ದಸ್ತಗೀರ.
ಈಗ ಅವನ ಕೈಯನ್ನ ಹಿಡದು ಸರಪಳಿ ಕಟ್ಟಬೇಕು,
ರೇಡಿಗೆ ಬಂದಾಂವ ನಡುವ ಸಿಗಬೇಕು.
ಮೊದಲ ರಾತ್ರಿ ರೊಟ್ಟಿ ಗಂಟು ಬಿಚ್ಚಾಕೂ ಬ್ಯಾರೆ ಬ್ಯಾರೆ ಮೂಲಿ.
ಎಂಟನೇ ರಾತ್ರಿ ಶೇಂಗಾ ಹಿಂಡಿ
ಯಾರ ಗಂಟಿಂದು, ಯಾರು ತಿಂದ್ರು, ಲೆಕ್ಕಿಲ್ಲ.
ಊರಿಗೆ ಬಂದ ಮ್ಯಾಲ ಮತ್ತ ವೈರಿ.
ಅದೂ ಚಂದನ ಇತ್ತು.

ಈಗ ಹುಡುಗರು ಮ್ಯಾಟಿನ ಮ್ಯಾಲ, ಹರಾಜಿನ್ಯಾಗ.
ಕ್ಲಬ್ಬಿನವರು ಅಂತಾರ: ಹತ್ತು ದಿನ ಬಿಡಾಕ ಆಗೂದಿಲ್ಲ,
ಅವನ ಮೊಣಕಾಲು ನಮ್ಮದು.
ತಪ್ಪೇನಿಲ್ಲ ಬಿಡ್ರಿ.
ನನ್ನ ಮೊಣಕಾಲಿಗೆ ಯಾರೂ ರೊಕ್ಕ ಕೊಡಲಿಲ್ಲ,
ಅದಕ್ಕ ಅದಿನ್ನೂ ನನ್ನದ,
ಚಳಿಗಾಲದಾಗ ಹೇಳಿ ಹೇಳಿ ನೋಯತೈತಿ.

ನಿನ್ನೆ ದಸ್ತಗೀರ ಫೋನ್ ಮಾಡಿದ್ದ:
ಇದು ನಾಕನೇ ವರ್ಷ, ನೆನಪೈತೇನ?
ಟ್ರಂಕ ತೆಗದು ನುಸಿ ಗುಳಿಗಿ ಬದಲಿಸಿದ್ನಿ.
ಹನ್ನೊಂದು ಜರ್ಸಿ ಮಡಚಿ ಒಳಗಿಟ್ನಿ.
ಒಂದನ್ನ ಬಿಸಿಲಿಗೆ ಹಾಕೇನಿ.