ಗೋಣಿ ಸುತ್ತಿದ ಕೊಡತಿ

ಬಿರುನಾಣಿಯ ಆಚೆ ನಮ್ಮ ಕೊಲ್ಲಿಗೆ ಹೆಸರಿಲ್ಲ.
ಆ ಕಕ್ಕಡದಲ್ಲಿ ಅದು ಬೈನೆಮರದ ಪಾಲವನ್ನು
ಉಂಡ ಎಲೆ ಎತ್ತಿದ ಹಾಗೆ ಎತ್ತಿಕೊಂಡು ಹೋಯಿತು.
ಮೂರು ಮನೆ ಆಚೆ, ಶಾಲೆ ಈಚೆ.
ಮಳೆ ತುಸು ಬಿಟ್ಟ ದಿನ ಚಿಟ್ಟಿಯಪ್ಪ ಮಾವ ಬಂದ,
ಹೆಗಲಲ್ಲಿ ಹಗ್ಗ, ಕೈಯಲ್ಲಿ ಕೊಡತಿ,
ಕೊಡತಿಯ ತಲೆಗೆ ಗೋಣಿಯ ರುಮಾಲು.

ನಾನು ಹಗ್ಗದ ತುದಿ ಹಿಡಿಯುವ ಹುಡುಗ.
ಮಾವ ಹೊಡೆದರೆ
ನೆನೆದ ಮಣ್ಣಿಗೆ ಹಲಸು ಬಿದ್ದಷ್ಟೇ ಸದ್ದು.

ಕೋವಿಯ ಊರು ನಮ್ಮದು. ಪಟ್ಟಾಳದಿಂದ ಬಂದವರೆಲ್ಲ
ಗುಂಡಿನ ಲೆಕ್ಕ ಹೇಳುತ್ತಿದ್ದರು.
ಮಾವನ ಬಾಯಲ್ಲಿ ಬರೀ ಸಾಮಾನಿನ ಲೆಕ್ಕ:
ಹತ್ತಡಿಯ ಚೌಕಟ್ಟು, ಹೊರಲು ಆರು ಜನ,
ಮೂಲೆಗೊಂದು ಪಿನ್ನು.
ಇಟಲಿಯ ಚಳಿಗೆ ಕಬ್ಬಿಣ
ಅಂಗೈಯ ಚರ್ಮ ಕೇಳುತ್ತಿತ್ತಂತೆ.
"ಪಾಲ ಕಟ್ಟಲು ಕಡಲು ದಾಟಿದೆಯಾ?" ಎಂದು
ಕೈಲ್‌ಪೊಳ್ದಿನ ದಿನ ನಕ್ಕವರಿದ್ದರು,
ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತ.

ಅಲ್ಲಿಂದ ಬಂದ ಒಂದೇ ಕಾಗದ ಅವ್ವನ ಹತ್ತಿರ ಇತ್ತು.
"ಇಲ್ಲೂ ಒಂದು ಹೊಳೆ. ಹೆಸರು" — ಆಮೇಲೆ ಕಪ್ಪು ಮಸಿ.
ಸೆನ್ಸಾರಿನವನು ಇಡೀ ನದಿಯನ್ನೇ ಬಳಿದುಹಾಕಿದ್ದ.
ಬೆಳಕಿಗೆ ಹಿಡಿದು ಹಿಡಿದು, ಉಗುರಲ್ಲಿ ಕೆರೆದು,
ಅಲ್ಲೊಂದು ತೂತಾಯಿತು.
ತೂತಿನಲ್ಲಿ ನಮ್ಮದೇ ಅಂಗಳ ಕಾಣುತ್ತಿತ್ತು.

"ಮಾವ, ಗೋಣಿ ಯಾಕೆ?"
"ಸದ್ದಾಗಬಾರದು."
"ಯಾರಿಗೆ?"
ಅವನು ಆಚೆ ದಡ ನೋಡಿದ.
ಅಲ್ಲಿ ಗೊರಬೆ ಹೊದ್ದ ಮುದುಕಿ, ಅವಳ ಎಮ್ಮೆ.
ಅವನು ನೋಡಿದ್ದು ಅವರನ್ನಲ್ಲ.

ಬಹಳ ಹೊತ್ತಾದ ಮೇಲೆ, ಹಗ್ಗಕ್ಕೆ ಹೇಳಿದ ಹಾಗೆ ಹೇಳಿದ:
ಏಳುಮಲೈ ಅಂತ ಒಬ್ಬ, ಆರ್ಕಾಟಿನವನು,
ನನಗಿಂತ ಎರಡು ತಿಂಗಳು ಕಿರಿಯ.
ಹತ್ತೊಂಬತ್ತು ತುಂಬಿರಲಿಲ್ಲ ಇಬ್ಬರಿಗೂ.
ಮೂರನೆಯ ರಾತ್ರಿ ಸುತ್ತಿದ ಕಂಬಳಿ ಜಾರಿತು.
ಒಂದೇ ಪೆಟ್ಟು, ಬರೀ ಕಬ್ಬಿಣದ ಮೇಲೆ.
ಟಣ್ಣ್.
ಬೆಟ್ಟದ ಮೇಲಿನವರಿಗೆ ಅಷ್ಟು ಸಾಕಿತ್ತು.
ಬೆಳಗಿನೊಳಗೆ ಪಾಲ ಮುಗಿಸಿದೆವು. ಟ್ಯಾಂಕು ದಾಟಿದವು.
ಹಲಗೆ ತೊಳೆಯಲು ಹೊತ್ತಿರಲಿಲ್ಲ.

ಜಾರಿದ್ದು ಯಾರ ಸುತ್ತಿಗೆ?
ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಆಮೇಲೆ ಮಾವ ಗೋಣಿ ಬಿಚ್ಚಿದ,
ಜಿಗಣೆ ಬಿಡಿಸುವಷ್ಟು ನಿಧಾನ.
ಬರೀ ಕೊಡತಿ ಎತ್ತಿ ಗೂಟಕ್ಕೆ ಒಂದು ಕೊಟ್ಟ.
ಸದ್ದು ಎದುರು ಬೆಟ್ಟಕ್ಕೆ ಹೋಗಿ ತಿರುಗಿ ಬಂತು.
ಮಾವ ಕಲ್ಲಿನ ಮರೆಗೆ ಕುಕ್ಕರಿಸಿದ,
ಕಿವಿಗೆ ಕೈ, ತುಟಿಯಲ್ಲಿ ಎಣಿಕೆ.

ಎಲೆಯಿಂದ ನೀರು ತೊಟ್ಟಿಕ್ಕಿತು, ಬೇರೇನೂ ಬೀಳಲಿಲ್ಲ.

"ಆಯಿತೇನೋ? ಎಮ್ಮೆ ದಾಟಿಸಲಾ?"
ಆಚೆಯಿಂದ ಮುದುಕಿ ಕೂಗಿದಳು.
"ಇನ್ನೂ ಇಲ್ಲ," ಅಂದೆ ನಾನು, ಅವನ ಬದಲಿಗೆ,
ಹಗ್ಗ ಬಿಡದೆ.