ಮೂರನೆಯ ಮಹಡಿ

ಅರ್ಜಿಯ ಏಳನೆಯ ಕಲಮು ಕೇಳಿತ್ತು:
ನಿಮ್ಮ ಮನೆಯಲ್ಲಿ ವಿಶ್ವವಿದ್ಯಾಲಯ ಕಂಡವರು ಇದ್ದಾರೆಯೇ?
ಅವ್ವನಿಗೆ ಓದಿ ಹೇಳಿದೆ.
ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ ಬಂದು
ಬೂಟಿನ ದಾರ ಬಿಚ್ಚುತ್ತಿದ್ದಳು.
‘ನಾ ಕಂಡೀನಲ್ಲ, ದಿನಾ ಬಸ್ಸಿನ ಕಿಟಕ್ಯಾಗಿಂದ.
ಹೌದಂತ ಬರಿ.’

ಇಲ್ಲ ಎಂದು ಗುರುತು ಹಾಕಿದೆ.
ಅವಳಿಗೆ ಹೇಳಲಿಲ್ಲ.

ಹಡರ್ಸ್‌ಫೀಲ್ಡಿನ ಕಾಲುವೆ ದಂಡೆಗೆ ನಮ್ಮ ಕಾಲೇಜು,
ಒಂದು ಕಾಲಕ್ಕೆ ಉಣ್ಣೆ ಗಿರಣಿ.
ಮಗ್ಗ ಕಿತ್ತ ಜಾಗದಲ್ಲಿ ಮೇಜುಗಳ ಸಾಲು,
ಕಬ್ಬಿಣದ ಕಂಬಗಳಿಗೆ ಬಿಳಿ ಬಣ್ಣ,
ಕಂಬಕ್ಕೊಂದು ಪ್ಲಗ್ಗು.
ಮೊದಲ ವಾರ ಕಂಬದ ಮರೆಯಲ್ಲೇ ಕೂತೆ.
ಶರಣವ್ವ ಮಂಗಳವಾರ ಶರಾನ ಆದಳು,
ಗುರುವಾರ ಶೆರಾವಾ.
ಶುಕ್ರವಾರ ನಾನೇ ಹೇಳಿಕೊಂಡೆ: ಶ್ಯಾರನ್.

ಇಲ್ಲಿ ಎಲ್ಲರಿಗೂ ಯಾರೋ
ಊಟಕ್ಕೆ ಕೂತಾಗಲೇ ಹೇಳಿಕೊಟ್ಟಂತಿತ್ತು,
ಪಟ್ಟಿಯ ಪುಸ್ತಕ ಎಲ್ಲ ಕೊಳ್ಳಬೇಕಿಲ್ಲ,
ಗಡುವು ಮೀರುವಂತಿದ್ದರೆ ಕೇಳಬಹುದು.
ನಾನು ಅರವತ್ತೆರಡು ಪೌಂಡು ಕೊಟ್ಟು ಒಂದು ಕೊಂಡೆ.
ಅಪ್ಪ ಹಾಳೆ ಮುಟ್ಟಿ ನೋಡಿ
‘ಕಾಗದ ಚಲೋ ಐತಿ’ ಅಂದ.

ಅಧ್ಯಾಪಕರ ಬಾಗಿಲ ಮೇಲೆ ಚೀಟಿ:
ಆಫೀಸ್ ಅವರ್ಸ್, ಬುಧವಾರ ಎರಡರಿಂದ ನಾಲ್ಕು.
ಸಾಹೇಬರು ಕೆಲಸದಲ್ಲಿರುವ ಹೊತ್ತು,
ಒಳಗೆ ಹೋಗಬಾರದ ಹೊತ್ತು ಅಂದುಕೊಂಡು
ಆರು ಬುಧವಾರ ಆ ಕಾರಿಡಾರಿನಲ್ಲಿ
ಹೆಜ್ಜೆ ಸದ್ದಾಗದಂತೆ ದಾಟಿದೆ.
ಬಾಗಿಲು ತೆರೆದೇ ಇರುತ್ತಿತ್ತು.
ಒಳಗೆ ಅವರೊಬ್ಬರೇ
ಚಹಾಕ್ಕೆ ಬಿಸ್ಕತ್ತು ಅದ್ದುತ್ತ.

‘ಗಿರಣಿಗೂ ಮೊದಲಿನ ನೇಯ್ಗೆ’, ನನ್ನ ಮೊದಲ ಪ್ರಬಂಧ.
ಹನ್ನೊಂದು ಪುಸ್ತಕದಿಂದ ಹೆಕ್ಕಿ ಬರೆದದ್ದು.
ಮೂವತ್ತೆಂಟು ಬಂತು.
ಅಂಚಿನಲ್ಲಿ ಹಸಿರು ಶಾಯಿ: ನಿನ್ನ ಮಾತು ಎಲ್ಲಿ?
‘ಎಷ್ಟಕ್ಕ ಮೂವತ್ತೆಂಟು?’ ಅವ್ವ ಕೇಳಿದಳು.
ಐವತ್ತಕ್ಕೆ, ಅಂದೆ.
ಅವತ್ತು ಮಾದಲಿ ಮಾಡಿದಳು.
ನುಂಗಿದೆ.

ಕಾಲೇಜು ಬಿಡುವ ಅರ್ಜಿ ಎಲ್ಲಿ ಸಿಗುತ್ತದೆಂದು ಕೇಳಲು
ಮೂರನೆಯ ಮಹಡಿ ಹತ್ತಿದೆ.
ಗಾಜಿನಾಚೆ ಡೋರೀನ್ ಹೆಪ್‌ವರ್ತ್,
ಕೊರಳಲ್ಲೊಂದು, ನೆತ್ತಿಯ ಮೇಲೊಂದು ಕನ್ನಡಕ.
‘ಇದೆ, ಆದರೆ ಪ್ರಿಂಟರು ಕೆಟ್ಟಿದೆ. ಕೂತಿರು ಕಂದಾ.’
ಅವಳ ಬೆನ್ನ ಹಿಂದೆ ಪ್ರಿಂಟರು
ಹಸಿರು ದೀಪ ಮಿಟುಕಿಸುತ್ತಿತ್ತು.

ಹೆಸರು ಕೇಳಿದಳು. ಶ್ಯಾರನ್ ಅಂದೆ.
ಪೂರ್ತಿ ಹೇಳು ಅಂದಳು.
ನಾಲ್ಕು ಸಲ ಎಡವಿ ಐದನೆಯದಕ್ಕೆ
‘ವ್ವ’ ಅನ್ನುವಲ್ಲಿ ಹಲ್ಲು ತುಟಿ ಸರಿಯಾಗಿ ಕೂಡಿಸಿದಳು.
‘ಇದೇ ಮಹಡಿಯ ಮಗ್ಗಗಳ ಗದ್ದಲದಲ್ಲಿ
ನನ್ನಪ್ಪನ ಕಿವಿ ಹೋದದ್ದು.
ಮನೆಯಲ್ಲಿ ನಾವು ತುಟಿ ನೋಡಿ ಮಾತು ತಿಳಿದವರು.
ನೀನು ಬಾಗಿಲಲ್ಲಿ ನಿಂತಾಗಲೇ
ಏನೋ ಹೇಳುತ್ತಿದ್ದೆ.’

ಆಗ ಹೇಳಿದೆ. ಏನೇನೋ.
ಇಳಕಲ್ಲಿನ ಅಜ್ಜಿ,
ಸೆರಗಿನ ಹಾಸಿಗೆ ಒಡಲ ಹಾಸು ಕೂಡಿಸುವಾಗ
ಎಳೆ ಎಳೆಗೂ ಕೊಂಡಿ ಹಾಕುತ್ತಿದ್ದಳೆಂದು.
ಕೊಂಡಿಗೆ ಇಂಗ್ಲಿಷು ಹೊಳೆಯದೆ
ಎರಡು ಬೆರಳು ಕೊಕ್ಕೆ ಮಾಡಿ ತೋರಿಸಿದೆ.
ಡೋರೀನ್ ತನ್ನ ಬೆರಳನ್ನೂ ಹಾಗೇ ಮಾಡಿ ನೋಡಿಕೊಂಡಳು.
‘ಇದನ್ನು ಬರೆದಿದ್ದೆಯಾ?’
ಇಲ್ಲ.
ಹನ್ನೊಂದು ಪುಸ್ತಕದಲ್ಲೂ ಅಜ್ಜಿ ಇರಲಿಲ್ಲ.

ಅರ್ಜಿಯೇನೋ ಕೊಟ್ಟಳು, ಬೇರೆಯದು.
ಸಹಾಯಧನಕ್ಕೆ, ನಾಲ್ಕು ಪುಟ.
ಮಂಗಳವಾರ ಮಧ್ಯಾಹ್ನ ನನ್ನಂಥವರು ಸೇರುತ್ತಾರೆ,
ಸೂಪು ಪುಕ್ಕಟೆ, ತೀರಾ ಸಪ್ಪೆ.
ಲಾರಿ ಓಡಿಸುವವನ ಮಗ ಕೀರನ್
ಎರಡು ವರ್ಷ ಆಫೀಸ್ ಅವರ್ಸಿಗೆ ಹೆದರಿದವನಂತೆ.
ಆರೇ ವಾರ, ಅಂದೆ ನಾನು,
ಒಂಚೂರು ಜಂಬದಿಂದ.

ಎರಡನೆಯ ಪ್ರಬಂಧದ ಅಂಕ ಇನ್ನೂ ಬಂದಿಲ್ಲ.
ಐವತ್ತಲ್ಲ ನೂರಕ್ಕೆ ಎಂದು
ಅವ್ವನಿಗೆ ಇನ್ನೂ ಹೇಳಿಲ್ಲ.
ಮೊನ್ನೆ ಪಾಳಿ ಮುಗಿದವಳನ್ನು
ಬಸ್ಸಿನಿಂದ ಇಳಿಸಿಕೊಂಡು ಒಳಗೆ ಕರೆತಂದೆ.
ಕಂಬಕ್ಕೆ ಅಂಗೈ ಒತ್ತಿ ನಿಂತಳು,
ಆಮೇಲೆ ಕಾರ್ಪೆಟ್ಟನ್ನೇ ನೋಡಿದಳು, ಬಹಳ ಹೊತ್ತು.
‘ಮಗ್ಗ ಇತ್ತಂದಿ. ಕುಣಿ ಎಲ್ಲೈತಿ?
ಕಾಲು ಎಲ್ಲಿಡ್ತಿದ್ರು?’

ಗೊತ್ತಿಲ್ಲ, ಅಂದೆ.
ಕೇಳಿ ಹೇಳತೀನಿ.