ಬಳಿ

ರೆಕಾರ್ಡು ಮಾಡಿದ್ದು ನಾನಲ್ಲ.
ಮೊದಲು ಇದನ್ನೇ ಹೇಳಬೇಕೆನಿಸುತ್ತದೆ ನೋಡಿ,
ಯಾರೂ ಕೇಳದಿದ್ದರೂ.

ಪ್ಲಸ್ ವನ್ ಕ್ಲಾಸು, ಕಲೋತ್ಸವದ ನೋಟೀಸು.
ಮುಳ್ಳೇರಿಯಾದಿಂದ ಬರುವ ಮೋಕ್ಷಿತಾ,
ಮನೆಯಲ್ಲಿ ಮರಾಟಿ, ಹತ್ತರವರೆಗೆ ಕನ್ನಡ ಶಾಲೆ,
ಎದ್ದು ನಿಂತು ಬೆರಳಿಟ್ಟು ಓದಿದಳು:
ವೇದಿಕೆಗೆ ಹೋಗುವ ವೞಿ ಇಂಥ ಕಡೆ ಎಂದು.
ಮಲಯಾಳದ ಆ ಅಕ್ಷರಕ್ಕೆ ನಾಲಗೆ ಹಿಂದಕ್ಕೆ ಮಡಚಿ
ಎಲ್ಲಿಯೂ ತಾಗದೆ ನಿಲ್ಲಬೇಕು.
ಅವಳದು ತಾಗಿತು.
ಕೂದಲೆಳೆಯಷ್ಟು ತಾಗಿದ್ದಕ್ಕೆ
ದಾರಿ ಹೋಗಿ ಹೂಸು ಆಯಿತು.

ನಾನೂ ನಕ್ಕೆ. ಅದು ತಪ್ಪಲ್ಲ, ಈಗಲೂ ಅನ್ನುತ್ತೇನೆ.
ಟೀಚರೂ ನಕ್ಕರು, ಅವಳೂ ನಕ್ಕಳು.
ಗಂಟೆ ಹೊಡೆದರೆ ಮುಗಿಯುವ ನಗು ಅದು.

ಮುಗಿಯಲಿಲ್ಲ. ಹನ್ನೊಂದು ಸೆಕೆಂಡು,
ಹಿಂದಿನ ಬೆಂಚು, ಡೆಸ್ಕಿನಡಿಯ ಫೋನು.
ಮಲಯಾಳಿಗಳು ಎಂದು ಬೆರಳು ತೋರಿಸಬೇಡಿ,
ಮಾಡಿದವನು ನಮ್ಮವನೇ, ಮನೆಮಾತು ತುಳು.
ಒಂಬತ್ತರಲ್ಲಿ ಅವನ ‘ಮೞ’ಕ್ಕೆ
ಇಡೀ ಕ್ಲಾಸು ನಕ್ಕಿತ್ತಂತೆ.

ಸಂಜೆಯೊಳಗೆ ಸ್ಟಿಕ್ಕರ್. ತೆರೆದ ಬಾಯಿ, ಮುಚ್ಚಿದ ಕಣ್ಣು,
ಹಿಂದೆ ಹಸಿರು ಗಾಳಿ.
ರಾತ್ರಿ ಯಾರೋ ಅದಕ್ಕೆ ಚೆಂಡೆ ಸೇರಿಸಿದರು.
ನಾನು ಕಳಿಸಿದ್ದು ಪುತ್ತೂರಿನ ಚಿಕ್ಕಮ್ಮನ ಮಗಳಿಗೆ,
ಒಬ್ಬಳಿಗೇ.
ಆಮೇಲೆ ತಿಳಿಯಿತು,
ನಾವೆಲ್ಲ ಒಬ್ಬೊಬ್ಬರಿಗೇ ಕಳಿಸಿದ್ದೆವು.

ಮೋಕ್ಷಿತಾ ಮೊದಲು ಮಲಯಾಳ ಬಿಟ್ಟಳು,
ಆಮೇಲೆ ಕನ್ನಡ. ಹಾಜರಿಗೆ ಬರೀ ಕೈ ಎತ್ತುವಳು.
ಕಂಡಕ್ಟರಿಗೆ ಊರಿನ ಹೆಸರು ಹೇಳದೆ
ಸರಿಯಾದ ಚಿಲ್ಲರೆ ಎಣಿಸಿ ಕೊಡುವಳು.
ಬದಿಯ ಸೀಟಿನಲ್ಲಿ ಚೀಲ ಇಡುವಳು,
ಯಾರೂ ಕೂರದಿದ್ದರೆ ಚೀಲದ ದೆಸೆಯಿಂದ ಎಂದಾಗಲಿ ಅಂತ.
ಅವಳ ಅಮ್ಮ ಫೋನಿನಲ್ಲಿ ಕೇಳಿದರು:
ಅವಳಿಗೆ ಗಂಟಲು ನೋವುಂಟಾ?
ಹೌದು ಎಂದೆ.

ಆ ವಾರ ಕನ್ನಡ ಪೀರಿಯಡ್ಡಿನಲ್ಲಿ
ಸರ್ ಬೋರ್ಡಿನ ಮೇಲೆ ಬರೆದರು: ೞ.
ಇದು ನಮ್ಮಲ್ಲೂ ಇತ್ತು, ಕನ್ನಡದ ನಾಲಗೆ
ಯಾವಾಗಲೋ ಮಡಚುವುದನ್ನು ಬಿಟ್ಟಿತು.
ಬೞಿ ಎಂದರೆ ದಾರಿ. ಅದೇ ಈಗ ಬಳಿ, ಹತ್ತಿರ.
ಅವರಿಗೆ ಸ್ಟಿಕ್ಕರಿನ ವಿಷಯ ಗೊತ್ತಿರಲಿಲ್ಲ.
ಒರೆಸಿ ಮುಂದಿನ ಪದ್ಯಕ್ಕೆ ಹೋದರು.
ನಾನು ಅಲ್ಲೇ ಉಳಿದೆ.
ಶಾಸನ ಕೆತ್ತಿದವರು, ಕಾವ್ಯ ಕಟ್ಟಿದವರು, ಸಂತೆಯವರು,
ಇಡೀ ಒಂದು ಭಾಷೆ ಸೇರಿ ತಪ್ಪಿದ ಉಚ್ಚಾರ.
ಹಿಂದಿನ ಬೆಂಚಿನಲ್ಲಿ ಯಾರೂ
ಹಿಡಿದಿಟ್ಟಿರಲಿಲ್ಲ.

ಪುತ್ತೂರಿಗೆ ಫೋನು ಮಾಡಿ ಅಳಿಸು ಅಂದೆ.
ಯಾವುದನ್ನು? ಅಂದಳು. ನೆನಪೇ ಇರಲಿಲ್ಲ ಅವಳಿಗೆ.
ಆದರೆ ಕಳಿಸಿದ್ದಳು, ಒಬ್ಬಳಿಗೇ.

ಗ್ರೂಪಿನಲ್ಲಿ ಬರೆದೆ: ನಾನೂ ಕಳಿಸಿದ್ದೆ. ಇನ್ನು ಸಾಕು.
ಮೂವತ್ತೆಂಟು ಮಂದಿ ಓದಿದ್ದು ತೋರಿತು. ಉತ್ತರವಿಲ್ಲ.
ತುಂಬ ಹೊತ್ತಿನ ಮೇಲೆ ತಳಂಗರೆಯ ರಸೀನಾ,
ಕನ್ನಡ ಬಾರದವಳು, ಕನ್ನಡದಲ್ಲಿ: ಸಕು.
ದೀರ್ಘ ಬಿಟ್ಟುಹೋಗಿತ್ತು. ಯಾರೂ ತಿದ್ದಲಿಲ್ಲ.
ಹತ್ತು ನಿಮಿಷಕ್ಕೆ ಹೊಸ ಸ್ಟಿಕ್ಕರ್ ಬಂತು.
ಈ ಸಲ ನನ್ನ ಮುಖ.

ಮರುದಿನ ಬಸ್ಸಿನಲ್ಲಿ ಅವಳ ಚೀಲ ಎತ್ತಿ
ತೊಡೆಯ ಮೇಲಿಟ್ಟು ಕೂತೆ.
ವಿದ್ಯಾನಗರದವರೆಗೆ ಮಾತಿಲ್ಲ.
ಫೋನು ತೆರೆದು ನನ್ನ ಮುಖ ತೋರಿಸಿದೆ.
ನೋಡಿದಳು. ನಗಲಿಲ್ಲ. ಕೈಯಿಂದ ತೆಗೆದುಕೊಂಡು
ಮಗುಚಿ ಇಟ್ಟಳು.
ಚೆರ್ಕಳ ದಾಟಿದ ಮೇಲೆ ಕಂಡಕ್ಟರ್ ಬಂದ.
ಅವಳ ಮುಷ್ಟಿಯಲ್ಲಿ ಚಿಲ್ಲರೆ ಬೆವೆತಿತ್ತು.
ಗಂಟಲು ಸರಿಮಾಡಿಕೊಂಡು, ಕನ್ನಡದಲ್ಲೇ,
ಎರಡು ಮುಳ್ಳೇರಿಯಾ, ಅಂದಳು.

ನಾನು ಇಳಿಯುವುದು ಬೋವಿಕ್ಕಾನದಲ್ಲಿ.
ತಿದ್ದಲಿಲ್ಲ.